ಕೈಗಾದ ಕೂಲರ್ ಮತ್ತು ಸುರಕ್ಷತಾ ಸಂಸ್ಕೃತಿ

ಹಾವೇರಿ ಜಿಲ್ಲೆಯ ಪಡುವಣ ಗಡಿ ದಾಟಿದರೆ ಉತ್ತರ ಕನ್ನಡ. ಅಲ್ಲಿನ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಬಳಿ ಕೈಗಾ ಅಣು ವಿದ್ಯುತ್ ಕೇಂದ್ರವಿದೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳನ್ನು ಭಾರತೀಯ ಅಣು ವಿದ್ಯುತ್ ನಿಗಮ ನಡೆಸುತ್ತದೆ. ಈ ಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೂ ನಿಂತು ಸೋತಿದ್ದರು. ಸ್ಥಾವರ ಬೇಕೋ ಬೇಡವೋ ಎಂಬ ಆ ಚರ್ಚೆ ಬೇರೆ. ನಡೆಯುತ್ತಿರುವ ಸ್ಥಾವರದೊಳಗೆ ಜನ ಹೇಗೆ ಕೆಲಸ ಮಾಡುತ್ತಾರೆ ಎಂಬುದಷ್ಟೇ ಇಲ್ಲಿನ ವಿಷಯ.

ಪರಿಕಲ್ಪನೆ ಬಂದದ್ದು

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಫೋಟಿಸಿತು. ಅದರ ಕಾರಣಗಳನ್ನು ಹುಡುಕಿದ ಅಂತರರಾಷ್ಟ್ರೀಯ ತಜ್ಞರ ತಂಡ, ರಿಯಾಕ್ಟರಿನ ದೋಷದ ಜೊತೆಗೆ 'ಸುರಕ್ಷತಾ ಸಂಸ್ಕೃತಿ'ಯ ಕೊರತೆಯನ್ನೂ ಬೊಟ್ಟು ಮಾಡಿತು. ಉತ್ಪಾದನೆಯ ಒತ್ತಡ ಬಂದಾಗ ಸುರಕ್ಷತೆಗೆ ಮೊದಲ ಸ್ಥಾನ ಸಿಗುತ್ತದೆಯೇ, ಕೆಳಗಿನವನು ಮೇಲಿನವನಿಗೆ ಕೆಟ್ಟ ಸುದ್ದಿಯನ್ನು ಅಂಜದೆ ಹೇಳಬಲ್ಲನೇ ಎಂಬುದೇ ಇದರ ತಿರುಳು. ಫುಕುಶಿಮಾ ದುರಂತ ಸುನಾಮಿಯಿಂದ ಶುರುವಾದದ್ದು ನಿಜ. ಆದರೂ ಜಪಾನ್ ಸಂಸತ್ತಿನ ತನಿಖಾ ಆಯೋಗ 2012ರಲ್ಲಿ ಅದನ್ನು ಮಾನವನಿರ್ಮಿತ ಎಂದೇ ಕರೆಯಿತು.

ಗುಮ್ಮಟ ಉದುರಿದ್ದು

1994ರ ಮೇ 13ರಂದು, ಕಟ್ಟುತ್ತಿದ್ದ ಕೈಗಾ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಸುಮಾರು 130 ಟನ್. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತೇ ಇರಲಿಲ್ಲ. ವಿನ್ಯಾಸ ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಬೇಕಾಯಿತು. ಎರಡನೇ ಘಟಕ 2000ದ ಮಾರ್ಚಿನಲ್ಲೂ ಒಂದನೇ ಘಟಕ ನವೆಂಬರಿನಲ್ಲೂ ವಾಣಿಜ್ಯ ಉತ್ಪಾದನೆಗೆ ಬಂದವು. ಅದೇ ಒಂದನೇ ಘಟಕ ಮುಂದೆ, 2018ರ ಡಿಸೆಂಬರಿಗೆ, 962 ದಿನ ಬಿಡುವಿಲ್ಲದೆ ನಡೆದು ವಿಶ್ವದಾಖಲೆ ಬರೆಯಿತು. ದಾಖಲೆಯ ಹೆಮ್ಮೆ ಸರಿಯೇ. ಆದರೆ ನಿಲ್ಲಿಸದೆ ಓಡಿಸಿದ ದಿನಗಳ ಎಣಿಕೆಯೊಂದೇ ಸುರಕ್ಷತೆಯ ಅಳತೆಗೋಲಲ್ಲ.

ಕುಡಿಯುವ ನೀರಿನಲ್ಲಿ ಟ್ರೀಷಿಯಂ

ಕೈಗಾದಂಥ ರಿಯಾಕ್ಟರುಗಳಲ್ಲಿ ಭಾರಜಲ ಹರಿಯುತ್ತದೆ. ಅದರ ಡ್ಯೂಟೀರಿಯಂ ನ್ಯೂಟ್ರಾನನ್ನು ಹೀರಿದಾಗ ಟ್ರೀಷಿಯಂ ಹುಟ್ಟುತ್ತದೆ. ಅದರ ಕಿರಣ ಚರ್ಮವನ್ನೂ ದಾಟದಷ್ಟು ದುರ್ಬಲ, ದೇಹದ ಒಳಹೊಕ್ಕರೆ ಮಾತ್ರ ತೊಂದರೆ. ಹಾಗಾಗಿ ನೌಕರರ ಮೂತ್ರ ಪರೀಕ್ಷೆ ಇಲ್ಲಿ ಮಾಮೂಲಿ ಕ್ರಮ.

2009ರ ನವೆಂಬರ್ 24ರಂದು ಅಂಥದೇ ಪರೀಕ್ಷೆಯಲ್ಲಿ ಕೆಲವರ ಮೂತ್ರದಲ್ಲಿ ಟ್ರೀಷಿಯಂ ಹೆಚ್ಚಿರುವುದು ಕಂಡಿತು. ಹುಡುಕುತ್ತ ಹೋದರೆ ಸಿಕ್ಕಿದ್ದು ಕುಡಿಯುವ ನೀರಿನ ಒಂದು ಕೂಲರ್. ಯಾವ ಪೈಪೂ ಸೋರಿರಲಿಲ್ಲ. ಒಳಗಿನವರೇ ಯಾರೋ ಭಾರಜಲ ತಂದು ಅದಕ್ಕೆ ಬೆರೆಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಐವತ್ತಕ್ಕೂ ಹೆಚ್ಚು ಮಂದಿ ಆ ನೀರು ಕುಡಿದಿದ್ದರು. ಒಳಹೊಕ್ಕ ಟ್ರೀಷಿಯಂ ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು, ಮುಖ್ಯವಾಗಿ ಮೂತ್ರದಲ್ಲಿ, ಹೊರಬೀಳುವುದರಿಂದ, ಹೆಚ್ಚು ನೀರು ಕುಡಿಸಿ ಬೇಗ ಹೊರಹಾಕಿಸುವುದೇ ಚಿಕಿತ್ಸೆ. ಭಾರತದಲ್ಲಿ ಅಣುಸ್ಥಾವರದ ನೌಕರನೊಬ್ಬನಿಗೆ ವರ್ಷಕ್ಕೆ ವಿಕಿರಣದ ಮಿತಿ 30 ಮಿಲಿಸೀವರ್ಟ್.

ಪರೀಕ್ಷೆಯ ಶಿಸ್ತು ಇದ್ದುದರಿಂದ ಪ್ರಕರಣ ಬೇಗ ಬಯಲಾಯಿತು. ಅದನ್ನು ಸ್ಥಾವರದ ಹಿರಿಮೆ ಎನ್ನಲೇಬೇಕು. 'ಯಾರೋ ಕಿಡಿಗೇಡಿಯ ಕೆಲಸ' ಎಂದು ಕಡತ ಮುಚ್ಚಿದರೆ ಮಾತ್ರ ಅರ್ಧ ಪ್ರಶ್ನೆ ಹಾಗೇ ಉಳಿಯುತ್ತದೆ. ಭಾರಜಲ ಕೈಗೆ ಸಿಗುವ ಜಾಗದಲ್ಲಿ ಲೆಕ್ಕ ಹೇಗಿತ್ತು? ಸಿಟ್ಟಿದ್ದವನಿಗೆ ಅದನ್ನು ಹೇಳಿಕೊಳ್ಳಲು ಬೇರೆ ದಾರಿ ಇತ್ತೇ? ಕಾಯಂ ನೌಕರನಷ್ಟೇ ಧೈರ್ಯವಾಗಿ ಗುತ್ತಿಗೆಯವನೂ ದೂರು ಕೊಡಬಲ್ಲನೇ? ಸುರಕ್ಷತಾ ಸಂಸ್ಕೃತಿಯನ್ನು ಅಳೆಯುವವರು ಕೇಳಬೇಕಾದ್ದು ಇಂಥವನ್ನೇ.

ನಮ್ಮೂರಿನ ಕಿಡಿ

ಇದು ಅಣುಸ್ಥಾವರದವರ ತಲೆನೋವು ಮಾತ್ರ ಅಂದುಕೊಳ್ಳುವಂತಿಲ್ಲ. ಸ್ಥಾವರದೊಳಗೆ ವೆಲ್ಡಿಂಗ್ ಮಾಡಬೇಕಾದರೆ ಮೊದಲು ಲಿಖಿತ ಪರ್ಮಿಟ್ ಬೇಕು, ಸುತ್ತಲಿನ ಉರಿಯುವ ವಸ್ತು ತೆಗೆದಿರಬೇಕು, ಬೆಂಕಿ ಕಾಯಲು ಒಬ್ಬ ನಿಂತಿರಬೇಕು. 2023ರ ಆಗಸ್ಟ್ 29ರಂದು ಹಾವೇರಿ ಪಕ್ಕದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ವೆಲ್ಡಿಂಗ್ ಕಿಡಿಯಿಂದಲೇ ಬೆಂಕಿ ಹತ್ತಿತೆಂದು ವರದಿಯಾಯಿತು. ಕೂಲಿಗೆ ಬಂದವರು ಒಳಗೇ ಸುಟ್ಟು ಸತ್ತರು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಿಗೂ ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ನಾರಿನ ಕಾರ್ಖಾನೆಗೂ ಅದೇ ಪರ್ಮಿಟ್ ಚೀಟಿ ಹೊಂದುತ್ತದೆ. ಚೀಟಿಗೆ ಸಹಿ ಹಾಕುವವನು ಜಾಗಕ್ಕೆ ಹೋಗಿ ನೋಡಿ ಹಾಕುತ್ತಾನೋ, ಕುರ್ಚಿಯಲ್ಲೇ ಕೂತು ಹಾಕುತ್ತಾನೋ ಎಂಬಲ್ಲೇ ವ್ಯತ್ಯಾಸ ಇರುವುದು.

ಕಾಯುವವರನ್ನು ಕಾಯುವುದು

ಅಣುಸ್ಥಾವರಗಳ ಮೇಲೆ ಕಣ್ಣಿಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರ ನವೆಂಬರ್ 15ರಂದು ಸರ್ಕಾರಿ ಆದೇಶದಿಂದ ಹುಟ್ಟಿತು. ಅದು ವರದಿ ಒಪ್ಪಿಸುತ್ತಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ, ನಿಗಮವೂ ಅದೇ ಇಲಾಖೆಯ ಕೆಳಗೆ. ಪರೀಕ್ಷೆ ಬರೆಯುವವನೂ ತಿದ್ದುವವನೂ ಒಂದೇ ಮನೆಯವರಾದರೆ ಅಂಕದ ಮೇಲೆ ಅನುಮಾನ ಬಾರದೆ ಇರದು. ಮಂಡಳಿಗೆ ಸ್ವತಂತ್ರ ಶಾಸನದ ಬಲವಿಲ್ಲದ್ದನ್ನು ಸಿಎಜಿ 2012ರಲ್ಲಿ ಎತ್ತಿ ತೋರಿಸಿತು. ಅದಕ್ಕೂ ಮೊದಲು, 2011ರಲ್ಲಿ ಮಂಡಿಸಿದ್ದ ಹೊಸ ಅಣು ಸುರಕ್ಷತಾ ಪ್ರಾಧಿಕಾರದ ಮಸೂದೆ ಪಾಸಾಗದೆ ಬಿದ್ದುಹೋಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾಯ್ದೆ ಮಂಡಳಿಗೆ ಶಾಸನದ ಮಾನ್ಯತೆ ಕೊಟ್ಟಿದೆ, ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಕೈಗಾದಲ್ಲಿ ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕ ಬರಲಿವೆ.