ಬಡಿಸಿದವರ ಪಂಕ್ತಿ: ರಾಬರ್ಟ್ ಮಾರ್ಷಾಕ್ ಮತ್ತು ರಾಚೆಸ್ಟರ್ ಸಮಾವೇಶಗಳು

1950ರ ಡಿಸೆಂಬರ್ 16, ಶನಿವಾರ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸುಮಾರು ಐವತ್ತು ಮಂದಿ ಭೌತವಿಜ್ಞಾನಿಗಳು ಸೇರಿದರು. ಒಂದೇ ದಿನದ ಸಭೆ. ಕರೆದವರು 34 ವರ್ಷದ ರಾಬರ್ಟ್ ಮಾರ್ಷಾಕ್. ಅದೇ ವರ್ಷ ಅಲ್ಲಿನ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. ಅಂದು ನೆಟ್ಟ ಸಸಿಯೇ ಇವತ್ತು ಎರಡು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ನಡೆಯುವ ಉನ್ನತ ಶಕ್ತಿ ಭೌತಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನ. ಅದು ಎಲ್ಲೇ ನಡೆಯಲಿ, ಹಳಬರು ಈಗಲೂ ‘ರಾಚೆಸ್ಟರ್’ ಎಂದೇ ಕರೆಯುತ್ತಾರೆ.

ವಿಜ್ಞಾನದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸಮಾವೇಶಗಳನ್ನು ಹಿನ್ನೆಲೆಯ ಪರದೆಯಂತೆ ನೋಡುತ್ತಾರೆ: ಸಿದ್ಧಾಂತ ಒಬ್ಬರ ತಲೆಯಲ್ಲಿ ಹುಟ್ಟುತ್ತದೆ, ಪ್ರಯೋಗ ಇನ್ನೊಬ್ಬರ ಕೈಯಲ್ಲಿ ಆಗುತ್ತದೆ, ಸಭೆಯೆಂದರೆ ಕಾಫಿ ಕುಡಿದು ಗುಂಪಿನ ಫೋಟೋಗೆ ನಿಲ್ಲುವ ಜಾಗ. ಮಾರ್ಷಾಕ್ ಅವರ ವೃತ್ತಿಜೀವನ ಈ ನೋಟಕ್ಕೆ ಒಗ್ಗುವುದಿಲ್ಲ. ಅವರ ಎರಡು ದೊಡ್ಡ ಕೆಲಸಗಳ ಗತಿಯನ್ನು ನಿರ್ಧರಿಸಿದ್ದು ಸಭೆಗಳೇ. ಒಂದು, ಸಭೆಯಲ್ಲಿ ಬಾಯಿಬಿಟ್ಟು ಹೇಳಿದ್ದರಿಂದ ಬೆಳಕು ಕಂಡಿತು. ಇನ್ನೊಂದು, ತಾವೇ ಕಟ್ಟಿದ ಸಭೆಯಲ್ಲಿ ಹೇಳದೆ ಉಳಿದದ್ದರಿಂದ ಬಹುಪಾಲು ಬೇರೆಯವರ ಹೆಸರಿಗೆ ಹೋಯಿತು.

ಮಾರ್ಷಾಕ್ ಹುಟ್ಟಿದ್ದು 1916ರ ಅಕ್ಟೋಬರ್ 11ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಮನೆಯವರು ಬೆಲರೂಸಿನ ಮಿನ್ಸ್ಕ್ ಕಡೆಯಿಂದ ವಲಸೆ ಬಂದ ಯಹೂದಿಗಳು. ಕೊಲಂಬಿಯಾದಲ್ಲಿ ವಿದ್ಯಾರ್ಥಿವೇತನದ ಮೇಲೆ ಓದಿ, ಕಾರ್ನೆಲ್‌ನಲ್ಲಿ ಹಾನ್ಸ್ ಬೆಥೆ ಅವರ ಕೈಕೆಳಗೆ ಶ್ವೇತ ಕುಬ್ಜ ನಕ್ಷತ್ರಗಳ ಕುರಿತು 1939ರಲ್ಲಿ ಪಿಎಚ್‌.ಡಿ. ಮುಗಿಸಿದಾಗ ಅವರಿಗೆ 22 ವರ್ಷ. ಅದೇ ವರ್ಷ ರಾಚೆಸ್ಟರ್ ಸೇರಿದರು. ಯುದ್ಧಕಾಲದಲ್ಲಿ ಮಾಂಟ್ರಿಯಲ್‌ನಲ್ಲೂ ಲಾಸ್ ಅಲಮಾಸ್‌ನಲ್ಲೂ ಬಾಂಬ್ ಯೋಜನೆಗೆ ದುಡಿದರು. ಅತಿ ಬಿಸಿಯಾದ ವಸ್ತುವಿನೊಳಗೆ ವಿಕಿರಣ ಸಾಗುವ ಬಗೆಯೊಂದಕ್ಕೆ ಇಂದಿಗೂ ‘ಮಾರ್ಷಾಕ್ ಅಲೆ’ ಎಂಬ ಹೆಸರಿದೆ. ಬೇಲಿಯೊಳಗೆ, ಗುಟ್ಟಿನಲ್ಲಿ ವಿಜ್ಞಾನ ಮಾಡಿ ಬಂದ ಆ ತಲೆಮಾರಿನ ಹಲವರಿಗೆ ಯುದ್ಧ ಮುಗಿದ ಮೇಲೆ ಮನಬಿಚ್ಚಿ ಮಾತನಾಡುವ ಹಸಿವಿತ್ತು. ಅಮೆರಿಕದ ವಿಜ್ಞಾನಿಗಳ ಒಕ್ಕೂಟದ ಅಧ್ಯಕ್ಷತೆಯನ್ನೂ ವಹಿಸಿದ ಮಾರ್ಷಾಕ್‌ರಲ್ಲಿ ಅದು ಇನ್ನೂ ಹೆಚ್ಚಾಗಿದ್ದಂತೆ ಕಾಣುತ್ತದೆ.

ಆ ಹಸಿವಿಗೆ ಮೊದಲ ತುತ್ತು ಸಿಕ್ಕಿದ್ದು 1947ರ ಜೂನ್ ಮೊದಲ ವಾರ, ಶೆಲ್ಟರ್ ಐಲೆಂಡ್ ಎಂಬ ಪುಟ್ಟ ದ್ವೀಪದ ವಸತಿಗೃಹದಲ್ಲಿ. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸೇರಿದ್ದರು. ಓಪನ್‌ಹೈಮರ್, ಬೆಥೆ, ಫೈನ್‌ಮನ್, ಲ್ಯಾಂಬ್ ಎಲ್ಲರೂ ಇದ್ದರು. ಅಲ್ಲಿಗೆ ಬಂದ ಒಗಟುಗಳಲ್ಲಿ ಒಂದು ಇಟಲಿಯದು. ನ್ಯೂಕ್ಲಿಯಸ್ಸಿನೊಳಗಿನ ಕಣಗಳನ್ನು ಹಿಡಿದಿಡುವ ಬಲಕ್ಕೆ ಮಧ್ಯವರ್ತಿಯಾಗಿ ಒಂದು ಕಣ ಇರಬೇಕೆಂದು ಜಪಾನಿನ ಯುಕಾವಾ 1935ರಲ್ಲಿ ಹೇಳಿದ್ದರು. ಎರಡೇ ವರ್ಷದಲ್ಲಿ ಕಾಸ್ಮಿಕ್ ಕಿರಣಗಳಲ್ಲಿ ಹೆಚ್ಚುಕಡಿಮೆ ಅದೇ ತೂಕದ ಕಣ, ಮೆಸಾನ್, ಕಂಡಿತ್ತು. ಎಲ್ಲರೂ ಸಿಕ್ಕಿತೆಂದುಕೊಂಡರು. ಆದರೆ ರೋಮ್‌ನಲ್ಲಿ ಕಾನ್ವೆರ್ಸಿ, ಪಾಂಚಿನಿ, ಪಿಚ್ಚೋನಿ ಮಾಡಿದ ಪ್ರಯೋಗದಲ್ಲಿ ಇಂಗಾಲದಲ್ಲಿ ನಿಂತ ಋಣ ಮೆಸಾನ್‌ಗಳು ನ್ಯೂಕ್ಲಿಯಸ್ಸಿಗೆ ಸೆಳೆಯಲ್ಪಡದೆ ತಮ್ಮ ಪಾಡಿಗೆ ತಾವು ಕ್ಷಯಿಸುತ್ತಿದ್ದವು. ಬಂಧಿಸಬೇಕಾದ ಕಣಕ್ಕೆ ನ್ಯೂಕ್ಲಿಯಸ್ಸಿನ ನಂಟೇ ಇಲ್ಲದಂತೆ. ಲೆಕ್ಕಕ್ಕೂ ವಾಸ್ತವಕ್ಕೂ ಅಂತರ ಲಕ್ಷ ಕೋಟಿ ಪಟ್ಟಿನಷ್ಟು.

ಆ ಚರ್ಚೆಯ ನಡುವೆ ಮಾರ್ಷಾಕ್ ಎದ್ದು, ಮೆಸಾನ್ ಒಂದಲ್ಲ, ಎರಡು ಎಂದರು. ವಾತಾವರಣದ ಮೇಲ್ಪದರದಲ್ಲಿ ಹುಟ್ಟುವುದು ಭಾರದ ಒಂದು ಕಣ, ನ್ಯೂಕ್ಲಿಯಸ್ಸಿಗೆ ಒಲಿದದ್ದು. ಅದು ಬೇಗ ಕ್ಷಯಿಸಿ ನೆಲಕ್ಕೆ ತಲುಪುವುದು ಹಗುರವಾದ ಇನ್ನೊಂದು. ಅಷ್ಟು ಹೊತ್ತಿಗೆ ಬ್ರಿಸ್ಟಲ್‌ನಲ್ಲಿ ಪವೆಲ್ ಅವರ ತಂಡ ಫೋಟೋ ಫಲಕಗಳಲ್ಲಿ ಇದನ್ನೇ ಕಂಡಿತ್ತು, ಮೇ ತಿಂಗಳ ‘ನೇಚರ್’ ಪತ್ರಿಕೆಯಲ್ಲಿ ಅಚ್ಚೂ ಆಗಿತ್ತು. ದ್ವೀಪದಲ್ಲಿ ಕೂತವರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಇನ್ನೂ ದೊಡ್ಡ ವಿಪರ್ಯಾಸ ಜಪಾನಿನದು. ಶೋಇಚಿ ಸಕಾತಾ ಮತ್ತು ಇನೊವೆ ಎರಡು ಮೆಸಾನ್‌ಗಳ ಮಾತನ್ನು 1942ರಲ್ಲೇ ಆಡಿದ್ದರು. ಯುದ್ಧದಿಂದಾಗಿ ಅದು ಇಂಗ್ಲಿಷಿನಲ್ಲಿ ಹೊರಬಂದದ್ದು 1946ರಲ್ಲಿ, ಅದೂ ಅಮೆರಿಕದವರ ಕಣ್ಣಿಗೆ ಬೀಳಲಿಲ್ಲ. ಒಂದೇ ವಿಚಾರವನ್ನು ಭೂಮಿಯ ಮೂರು ಮೂಲೆಗಳಲ್ಲಿ ಮೂರು ಗುಂಪುಗಳು ಪರಸ್ಪರ ಅರಿವಿಲ್ಲದೆ ಮುಟ್ಟಿದ್ದವು. ಅಂತರರಾಷ್ಟ್ರೀಯ ಸಭೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಶೆಲ್ಟರ್ ಐಲೆಂಡಿನ ನಂತರ 1948ರಲ್ಲಿ ಪೊಕೊನೊ, 1949ರಲ್ಲಿ ಓಲ್ಡ್‌ಸ್ಟೋನ್. ಅಲ್ಲಿಗೆ ಆ ಸರಣಿ ನಿಂತಿತು. ಮೂರೂ ಬಹುಮಟ್ಟಿಗೆ ಅಮೆರಿಕದ ಸಿದ್ಧಾಂತಿಗಳ ಕೂಟಗಳೇ. ಅಷ್ಟರಲ್ಲಿ ರಾಚೆಸ್ಟರ್‌ನಲ್ಲಿ 130 ಇಂಚಿನ ಸೈಕ್ಲೋಟ್ರಾನ್ ಕೆಲಸ ಶುರುಮಾಡಿತ್ತು. ಬರ್ಕ್ಲಿ ಮುಂತಾದೆಡೆಯ ಯಂತ್ರಗಳಲ್ಲೂ ಮೆಸಾನ್‌ಗಳು ಕೃತಕವಾಗಿ ಹುಟ್ಟತೊಡಗಿದ್ದವು. ಪ್ರಯೋಗ ಮಾಡುವವರನ್ನು ಬಿಟ್ಟು ಸಿದ್ಧಾಂತದವರು ಮಾತ್ರ ಕೂತರೆ ಆಗದು ಎಂಬುದು ಮಾರ್ಷಾಕ್ ಅವರ ಹಟ. ಯಂತ್ರ ನಡೆಸುವವರು, ಕಾಸ್ಮಿಕ್ ಕಿರಣದವರು, ಸಿದ್ಧಾಂತಿಗಳು, ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದು ರಾಚೆಸ್ಟರ್‌ನ ಹೊಸತನ. ಖರ್ಚಿಗೆ ಆರಂಭದಲ್ಲಿ ಊರಿನ ಕೈಗಾರಿಕೋದ್ಯಮಿಗಳ ಮುಂದೆ ಕೈಯೊಡ್ಡಿದರು. ಕೊಡಾಕ್ ಕಂಪನಿಯ ಊರು ಅದು, ದುಡ್ಡಿಗೆ ಬರವಿರಲಿಲ್ಲ.

ಕಾಕತಾಳೀಯವೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅದೇ ವಾರ, 1950ರ ಡಿಸೆಂಬರ್ 14ರಿಂದ 22ರವರೆಗೆ, ಹೋಮಿ ಭಾಭಾ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮೂಲಕಣಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಸುತ್ತಿದ್ದರು. ಐದು ವರ್ಷ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಣ್ಣುಬಿಟ್ಟು ಮುಂಬಯಿಗೆ ಹೋದ ಸಂಸ್ಥೆ ಅದು. ದಿನಗಳ ಲೆಕ್ಕದಲ್ಲೂ ಅತಿಥಿಗಳ ದೇಶಗಳ ಲೆಕ್ಕದಲ್ಲೂ ಮುಂಬಯಿಯ ಸಭೆಯೇ ದೊಡ್ಡದು. ಆದರೂ ಸರಣಿಯಾಗಿ ಬೆಳೆದದ್ದು ರಾಚೆಸ್ಟರ್‌ನ ಒಂದು ದಿನದ ಸಭೆ. ಭವ್ಯತೆಗಿಂತ ನಿಯತಕಾಲಿಕತೆ ಮುಖ್ಯವಾಯಿತು ಎಂಬುದು ನನ್ನ ಅನಿಸಿಕೆ. 1950ರಿಂದ 1957ರೊಳಗೆ ಮಾರ್ಷಾಕ್ ಏಳು ಸಲ ಕರೆದರು, ಏಳು ಸಲವೂ ಜನ ಹೊಸ ದತ್ತಾಂಶವನ್ನು ಹೊತ್ತು ಬಂದರು. ‘ರಾಚೆಸ್ಟರ್‌ಗೆ ಮುಂಚೆ ಮುಗಿಸಬೇಕು’ ಎನ್ನುವುದು ಪ್ರಯೋಗಾಲಯಗಳ ಪಂಚಾಂಗವಾಯಿತು.

ಹೊರದೇಶದವರನ್ನು ಕರೆಸುವುದು ಆ ಕಾಲದ ಅಮೆರಿಕದಲ್ಲಿ ಸುಲಭದ ಮಾತಾಗಿರಲಿಲ್ಲ. ಕಮ್ಯುನಿಸ್ಟ್ ವಾಸನೆಯ ಅನುಮಾನವಷ್ಟೇ ಸಾಕು, ವೀಸಾ ಸಿಗುತ್ತಿರಲಿಲ್ಲ. 1954ರಲ್ಲಿ ಡಿರಾಕ್ ಅವರಂಥ ನೊಬೆಲ್ ವಿಜೇತರಿಗೇ ಬಾಗಿಲು ಮುಚ್ಚಿದ್ದರು. ಮಾರ್ಷಾಕ್ ಬಿಡದೆ ಕಚೇರಿಗಳಿಗೆ ಎಡತಾಕಿದರು. 1955ರ ಆಗಸ್ಟ್‌ನಲ್ಲಿ ಭಾಭಾ ಅವರ ಅಧ್ಯಕ್ಷತೆಯಲ್ಲಿ ಜಿನೀವಾದಲ್ಲಿ ನಡೆದ ಶಾಂತಿಗಾಗಿ ಪರಮಾಣು ಸಮ್ಮೇಳನದಿಂದ ಹಿಮ ಕೊಂಚ ಕರಗಿತ್ತು. 1956ರ ಏಪ್ರಿಲ್‌ನ ಆರನೇ ಸಮಾವೇಶಕ್ಕೆ ವೆಕ್ಸ್ಲರ್, ಮಾರ್ಕೊವ್ ಮೊದಲಾದ ಸೋವಿಯತ್ ವಿಜ್ಞಾನಿಗಳು ಬಂದರು. ಮರುತಿಂಗಳು ಮಾರ್ಷಾಕ್ ಸೇರಿದಂತೆ ಅಮೆರಿಕದ ಒಂದು ತಂಡ ಮಾಸ್ಕೋಗೆ ಹೋಯಿತು.

ಅದೇ ಆರನೇ ಸಮಾವೇಶದಲ್ಲಿ ಇನ್ನೊಂದು ಪ್ರಸಂಗ. ತೌ, ಥೀಟಾ ಎಂಬ ಎರಡು ಕಣಗಳು. ತೂಕ ಒಂದೇ, ಆಯುಸ್ಸು ಒಂದೇ, ಆದರೆ ಒಂದು ಮೂರು ಪಯಾನ್‌ಗಳಾಗಿ (ಮಾರ್ಷಾಕ್ ಹೇಳಿದ ಆ ಭಾರದ ಮೆಸಾನ್‌ಗೆ ಬಂದ ಹೆಸರು), ಇನ್ನೊಂದು ಎರಡಾಗಿ ಒಡೆಯುತ್ತದೆ. ಎಡ-ಬಲ ಸಮ್ಮಿತಿ ಪ್ರಕೃತಿಯ ನಿಯಮವಾಗಿದ್ದರೆ ಇವು ಒಂದೇ ಕಣ ಆಗಲಾರವು. ಫೈನ್‌ಮನ್ ಜೊತೆ ಕೋಣೆ ಹಂಚಿಕೊಂಡಿದ್ದ ಪ್ರಯೋಗಕಾರ ಮಾರ್ಟಿನ್ ಬ್ಲಾಕ್ ಕೇಳಿದ ಪ್ರಶ್ನೆ: ಆ ನಿಯಮವೇ ಸುಳ್ಳಾಗಿದ್ದರೆ? ಸಭೆಯಲ್ಲಿ ಫೈನ್‌ಮನ್ ಅದನ್ನು ಬ್ಲಾಕ್ ಹೆಸರಿನಲ್ಲೇ ಎತ್ತಿದರು. ಆ ದಿಕ್ಕಿನಲ್ಲಿ ತಾವೂ ಜೊತೆಗಾರ ಲೀ ಅವರೂ ನೋಡಿದ್ದೇವೆ, ಇನ್ನೂ ತೀರ್ಮಾನಕ್ಕೆ ಬಂದಿಲ್ಲ ಎಂದು ಸಿದ್ಧಾಂತಿ ಯಾಂಗ್ ಉತ್ತರಿಸಿದರು. ಬೇಸಿಗೆಯಲ್ಲಿ ಲೀ-ಯಾಂಗ್ ಪ್ರಬಂಧ, 1957ರ ಜನವರಿಯಲ್ಲಿ ಆ ನಿಯಮ ಮುರಿಯುತ್ತದೆಂದು ತೋರಿದ ಚಿಯೆನ್-ಶಿಯುಂಗ್ ವೂ ಅವರ ಪ್ರಯೋಗ, ವರ್ಷಾಂತ್ಯಕ್ಕೆ ಲೀ-ಯಾಂಗ್‌ರಿಗೆ ನೊಬೆಲ್. ಸಭೆಯಲ್ಲಿ ಕೇಳಿದ ಅರೆಮನಸ್ಸಿನ ಪ್ರಶ್ನೆಗೂ ಇಂಥ ಬೆಲೆ.

ಇನ್ನು 1957ರ ಏಪ್ರಿಲ್. ಮುಂಬಯಿಯ ಟಾಟಾ ಸಂಸ್ಥೆಯಿಂದ 1955ರಲ್ಲಿ ರಾಚೆಸ್ಟರ್‌ಗೆ ಬಂದಿದ್ದ ಕೇರಳ ಮೂಲದ ಇ.ಸಿ.ಜಿ. ಸುದರ್ಶನ್ ಆಗ ಮಾರ್ಷಾಕ್‌ರ ಸಂಶೋಧನಾ ವಿದ್ಯಾರ್ಥಿ. ಬೀಟಾ ಕ್ಷಯದಂಥ ದುರ್ಬಲ ಕ್ರಿಯೆಗಳ ದತ್ತಾಂಶವನ್ನೆಲ್ಲ ಜಾಲಾಡಿ, ಎಲ್ಲಕ್ಕೂ ಒಂದೇ ರೂಪ, ವಿ ಮೈನಸ್ ಎ (ವೆಕ್ಟರ್ ಮೈನಸ್ ಅಕ್ಷೀಯ ವೆಕ್ಟರ್), ಮಾತ್ರ ಹೊಂದೀತು ಎಂಬ ತೀರ್ಮಾನದತ್ತ ಅವರು ಬಂದಿದ್ದರು. ಹೀಲಿಯಂ-6ರ ಪ್ರಸಿದ್ಧ ಪ್ರಯೋಗ ಅದಕ್ಕೆ ಎದುರು ನಿಂತಿತ್ತು. ಒಪ್ಪದ ಪ್ರಯೋಗಗಳೇ ತಪ್ಪಿರಬೇಕು ಎನ್ನುವ ಧೈರ್ಯ ಗುರುಶಿಷ್ಯರದು. ಮುಂದೆ ಹಾಗೇ ಆಯಿತು. ಆದರೆ ಏಳನೇ ಸಮಾವೇಶದಲ್ಲಿ ವಿದ್ಯಾರ್ಥಿಗೆ ವೇದಿಕೆಯಿರಲಿಲ್ಲ. ಮಾರ್ಷಾಕ್ ಆಗಲೇ ನ್ಯೂಕ್ಲಿಯರ್ ಬಲದ ಕುರಿತು ಮಾತನಾಡಲು ಒಪ್ಪಿದ್ದರು. ಆತಿಥೇಯರೇ ಎರಡು ಸಲ ವೇದಿಕೆ ಏರುವುದು ಸರಿಯಲ್ಲವೆಂದು ಸುಮ್ಮನಾದರು. ತಮ್ಮ ಪರವಾಗಿ ಹೇಳುವಂತೆ ಅತಿಥಿ ಪಾಲ್ ಮ್ಯಾಥ್ಯೂಸ್ ಅವರಿಗೆ ಒಪ್ಪಿಸಿದ್ದ ಮಾತೂ ಸಭೆಯಲ್ಲಿ ಬರಲಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಬಡಿಸುವವರು ಕೊನೆಯ ಪಂಕ್ತಿಗೆ ಕೂರುವುದುಂಟು. ಅವರ ಪಾಲಿಗೆ ಉಳಿಯುವುದು ಎಷ್ಟೆಂದು ಬಡಿಸಿದವರಿಗೇ ಗೊತ್ತು.

ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುರುಶಿಷ್ಯರಿಬ್ಬರೂ ಸಿದ್ಧಾಂತಿ ಗೆಲ್‌ಮನ್ ಅವರಿಗೆ ವಿಷಯ ತಿಳಿಸಿದರು. ಸೆಪ್ಟೆಂಬರ್‌ನಲ್ಲಿ ಇಟಲಿಯ ಪಾದುವಾ-ವೆನಿಸ್ ಸಮ್ಮೇಳನದಲ್ಲಿ ಮಾರ್ಷಾಕ್ ಪ್ರಬಂಧ ಮಂಡಿಸಿದರು, ಆ ನಡಾವಳಿ ಸಾಕೆಂದು ನಂಬಿದರು. ಅಷ್ಟರಲ್ಲಿ ಫೈನ್‌ಮನ್-ಗೆಲ್‌ಮನ್ ಪ್ರಬಂಧ ‘ಫಿಸಿಕಲ್ ರಿವ್ಯೂ’ ಕಚೇರಿ ಸೇರಿಯಾಗಿತ್ತು. 1958ರ ಜನವರಿಯಲ್ಲಿ ಅದು ಅಚ್ಚಾಯಿತು. ಇವರ ಪುಟ್ಟ ಟಿಪ್ಪಣಿ ಆ ಪತ್ರಿಕೆಯಲ್ಲಿ ಬಂದದ್ದು ಮಾರ್ಚ್‌ನಲ್ಲಿ. ಸುದರ್ಶನ್-ಮಾರ್ಷಾಕ್‌ರೇ ಮೊದಲಿಗರೆಂದು ಫೈನ್‌ಮನ್ ಆಮೇಲೆ ಬಹಿರಂಗವಾಗಿಯೇ ಒಪ್ಪಿದರು. ಪಠ್ಯಪುಸ್ತಕಗಳು ಒಪ್ಪಲು ಬಹಳ ಕಾಲ ಹಿಡಿಯಿತು.

ಇಷ್ಟಾದರೂ ಮಾರ್ಷಾಕ್ ಸಭೆ ಕಟ್ಟುವುದನ್ನು ಬಿಡಲಿಲ್ಲ, ಬದಲಿಗೆ ಅದನ್ನು ತಮ್ಮ ಊರಿನಿಂದ ಬಿಡಿಸಿ ಜಗತ್ತಿಗೆ ಒಪ್ಪಿಸಿದರು. ಅಂತರರಾಷ್ಟ್ರೀಯ ಭೌತಶಾಸ್ತ್ರ ಒಕ್ಕೂಟದ ಉನ್ನತ ಶಕ್ತಿ ಆಯೋಗ 1957ರಲ್ಲಿ ರೂಪುಗೊಂಡಿತು. ಎಂಟನೇ ಸಮಾವೇಶ 1958ರಲ್ಲಿ ಜಿನೀವಾದ ಸರ್ನ್‌ನಲ್ಲಿ, ಒಂಬತ್ತನೆಯದು 1959ರಲ್ಲಿ ಕೀವ್‌ನಲ್ಲಿ, ಹತ್ತನೆಯದು 1960ರಲ್ಲಿ ಮರಳಿ ರಾಚೆಸ್ಟರ್‌ನಲ್ಲಿ. ಶೀತಲ ಸಮರದ ಎರಡು ಬಣಗಳ ನಡುವೆ ಸರದಿ ಹೀಗೆ ತಿರುಗಿತು. ಆ ಹತ್ತನೇ ಸಮಾವೇಶದಲ್ಲಿ ಅಂತರರಾಷ್ಟ್ರೀಯ ಪ್ರಯೋಗಾಲಯದ ಮಾತು ಕೇಳಿದ ಅಬ್ದುಸ್ ಸಲಾಂ, ಬಡ ದೇಶಗಳ ವಿಜ್ಞಾನಿಗಳಿಗೊಂದು ಸಿದ್ಧಾಂತ ಕೇಂದ್ರ ಬೇಕೆಂಬ ಪ್ರಸ್ತಾಪವನ್ನು ಮುಂದಿಟ್ಟರು. 1964ರಲ್ಲಿ ಟ್ರಿಯೆಸ್ಟ್‌ನಲ್ಲಿ ಅದು ತಲೆಯೆತ್ತಿತು.

ಬೆಂಗಳೂರಿಗೂ ಇದರ ಒಂದು ಎಳೆ ತಲುಪಿದೆ. ರಾಚೆಸ್ಟರ್‌ನಲ್ಲಿ ಸುದರ್ಶನ್ ಬಳಿ ಪಿಎಚ್‌.ಡಿ. ಮಾಡಿದ ಎನ್. ಮುಕುಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಅಲ್ಲಿನ ಸಿದ್ಧಾಂತ ಅಧ್ಯಯನ ಕೇಂದ್ರವನ್ನು 1970ರ ದಶಕದ ಆರಂಭದಲ್ಲಿ ಕಟ್ಟಿದವರು ಸುದರ್ಶನ್.

ಮಾರ್ಷಾಕ್ 1970ರಲ್ಲಿ ರಾಚೆಸ್ಟರ್ ಬಿಟ್ಟು ನ್ಯೂಯಾರ್ಕಿನ ಸಿಟಿ ಕಾಲೇಜಿನ ಅಧ್ಯಕ್ಷರಾದರು, 1979ರಲ್ಲಿ ವರ್ಜೀನಿಯಾ ಟೆಕ್‌ಗೆ ಬಂದು ಮತ್ತೆ ಭೌತಶಾಸ್ತ್ರ ಹಿಡಿದರು. 1992ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ಕಾನ್‌ಕೂನ್ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದಕ್ಕೆ ಒಂದು ವರ್ಷದಷ್ಟು ಮುಂಚೆ, ಸುದರ್ಶನ್‌ರಿಗೆ ಅರವತ್ತು ತುಂಬಿದ ಸಂದರ್ಭಕ್ಕೆಂದು ಅವರು ಒಂದು ಉಪನ್ಯಾಸ ಸಿದ್ಧಪಡಿಸಿದ್ದರು. ದೊಡ್ಡ ಶೋಧವೊಂದರ ನೋವು-ನಲಿವು ಅದರ ವಸ್ತು. ಯಾರನ್ನೂ ದೂರದೆ ತಮ್ಮ ತಪ್ಪುಗಳನ್ನು ತಾವೇ ಲೆಕ್ಕ ಹಾಕಿದ್ದರು. 1957ರ ಏಪ್ರಿಲ್‌ನಲ್ಲಿ ತಮ್ಮದೇ ಸಭೆಯಲ್ಲಿ ಸುಮ್ಮನೆ ಕೂತದ್ದೂ ಆ ಲೆಕ್ಕದಲ್ಲಿತ್ತು.