ನಾಗರಹಾವು (ಚಲನಚಿತ್ರ)

ಎಸ್.ಆರ್. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿ 1972ರಲ್ಲಿ ತೆರೆಕಂಡ, ಕಾದಂಬರಿ ಆಧಾರಿತ ಕನ್ನಡ ಚಲನಚಿತ್ರ. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳು ಇದರ ಮೂಲ; ಕಥೆ ನಡೆಯುವುದು ಚಿತ್ರದುರ್ಗದಲ್ಲಿ. ಮುಂಗೋಪಿ ರಾಮಾಚಾರಿ (ವಿಷ್ಣುವರ್ಧನ್) ಚಾಮಯ್ಯ ಮೇಷ್ಟ್ರ (ಕೆ.ಎಸ್. ಅಶ್ವತ್ಥ್) ಮಾತಿಗೆ ತಲೆಬಾಗಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ; ಅವಳು ವೇಶ್ಯಾವೃತ್ತಿಗೆ ಬಿದ್ದುದನ್ನು ಕಂಡ ಮೇಲೆ, ಅನಂತರ ಪ್ರೀತಿಸಿದ ಮಾರ್ಗರೆಟ್‌ಳ ವಿಷಯದಲ್ಲಿ ಗುರುವಿಗೇ ಎದುರು ನಿಲ್ಲುತ್ತಾನೆ. ಗುರುಭಕ್ತಿ, ಜಾತಿಮರ್ಯಾದೆ, ಪ್ರೇಮಗಳ ತಿಕ್ಕಾಟವೇ ಚಿತ್ರದ ನೈತಿಕ ಕೇಂದ್ರ. ಕೊನೆಗೆ ರಾಮಾಚಾರಿ ತಳ್ಳಿದಾಗ ಮೇಷ್ಟ್ರು ಬೆಟ್ಟದಿಂದ ಬಿದ್ದು ಸಾಯುತ್ತಾರೆ. ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಪ್ರಾಣ ಬಿಡುತ್ತಾರೆ. ರೂಪಾಂತರವನ್ನು ಮೆಚ್ಚದ ತ.ರಾ.ಸು., ನಾಗರಹಾವು ಕೇರೆಹಾವಾಯಿತೆಂದು ಟೀಕಿಸಿದರು. ವಿಷ್ಣುವರ್ಧನ್, ಅಂಬರೀಷ್ ಇಬ್ಬರೂ ಪ್ರಸಿದ್ಧಿಗೆ ಬಂದದ್ದು ಈ ಚಿತ್ರದಿಂದ. ಪುಟ್ಟಣ್ಣ ಇದನ್ನೇ ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ (1974) ಎಂದು ನಿರ್ದೇಶಿಸಿದರು.