ಮಗುವಿನ ಕಡತ ಬರೆಯುವವರು

ಜೋಯಿಡಾದ ಮಗುವೊಂದನ್ನು ಕಾರವಾರಕ್ಕೆ ಕರೆದೊಯ್ಯಬೇಕು ಅಂದ್ರೆ ಮೊದಲು ಹೊರಡೋದು ಜೀಪಲ್ಲ, ಕಾಗದ. ಅದನ್ನು ಬರೆಯುವವರು ಯಾರ ಕಣ್ಣಿಗೂ ಬೀಳೋದಿಲ್ಲ. ಕೆಲ ವರ್ಷ ನಾನೂ ಇಂಥದ್ದೊಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಡೇಟಾ ಎಂಟ್ರಿ ಮಾಡಿದವಳು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಲ್ಲೇ ಆಗಲಿ, ಮಗುವಿನ ಆರೋಗ್ಯ ಹಲವು ಕಡೆ ದಾಖಲಾಗುತ್ತೆ. ಅಂಗನವಾಡಿಯ ತೂಕ 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ, ಲಸಿಕೆ ತಾಯಿ ಕಾರ್ಡಿಗೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಇನ್ನೊಂದು ರಿಜಿಸ್ಟರಿಗೆ. ಮೂರನ್ನೂ ತಾಳೆ ಹಾಕೋದು ಗುಮಾಸ್ತರ ಪಾಲು. ಹೆಸರಿನ ಒಂದಕ್ಷರ ಬೇರೆಯಾದರೆ ಒಂದೇ ಮಗು ಎರಡಾಗುತ್ತೆ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದ, ಅಂದರೆ ತೀವ್ರ ಅಪೌಷ್ಟಿಕತೆಯ, ಮಗುವೊಂದರ ಮರುಭೇಟಿ ಹೀಗೇ ತಪ್ಪಿತ್ತು. ತಾಯಿ ಕಾರ್ಡಲ್ಲಿ ಮನೆಯವರು ಕರೆಯುವ ಹೆಸರು, ಆ್ಯಪಲ್ಲಿ ಆಧಾರ್ ಹೆಸರು. ಗೊತ್ತಾಗಿದ್ದು ಕಾರ್ಯಕರ್ತೆ ಫೋನ್ ಮಾಡಿ ಬೈದ ಮೇಲೆ. ಎಂಟ್ರಿ ನನ್ನದೇ.

ರಕ್ಷಣೆಯ ದಾರಿ ಬೇರೆ. 1098ಕ್ಕೆ ಕರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ. ಮಿಷನ್ ವಾತ್ಸಲ್ಯದ ಈ ಘಟಕದಲ್ಲಿ ಆಪ್ತಸಮಾಲೋಚಕರ ಜತೆ ಲೆಕ್ಕಿಗ, ಡೇಟಾ ಅನಲಿಸ್ಟ್, ಡೇಟಾ ಎಂಟ್ರಿ ಸಹಾಯಕರ ಹುದ್ದೆಗಳೂ ಇವೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಪೋಷಣೆ ಮತ್ತು ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಸಮಿತಿ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತು ಅದಕ್ಕೆ ಸೇರಲ್ಲ. ಹಾಗಾಗಿ ಮಗು ಸಿಕ್ಕಿದ ಸಮಯ, ಹೊರಟ ಸಮಯ ಎರಡೂ ಕಾಗದದಲ್ಲಿ ಇರಲೇಬೇಕು. ಮಳೆಗಾಲದ ಅಣಶಿ ಘಾಟಿ ಕಂಡವರಿಗೆ ಇದ್ಯಾಕೆ ಅಂತ ಹೇಳಬೇಕಿಲ್ಲ. ಸಮಿತಿ ಕೇಳುವ ಸಾಮಾಜಿಕ ತನಿಖಾ ವರದಿಗೆ 15 ದಿನ. ಕಬ್ಬು ಕಡಿಯೋಕೆ ಹೊರಗಿಂದ ಹಳಿಯಾಳಕ್ಕೆ ಬಂದ ಕುಟುಂಬವಾದರೆ, ಅವರ ಜಿಲ್ಲೆಗೆ ಪತ್ರ ಹೋಗಿ ಉತ್ತರ ಬರೋದ್ರಲ್ಲೇ ದಿನ ಮುಗೀತಾವೆ.

ಎಲ್ಲಕ್ಕಿಂತ ನಾಜೂಕಾದದ್ದು ಗುಟ್ಟು. ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಬಯಲು ಮಾಡೋದನ್ನ ಮಾಧ್ಯಮಗಳಿಗೆ ನಿಷೇಧಿಸುತ್ತೆ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ನಮ್ಮ ಕಡೆ ಹೆಸರೇ ಬೇಕಿಲ್ಲ. ಏಳೆಂಟು ಮನೆಗಳ ಗೌಳಿವಾಡ, ಸಿದ್ದಿಗಳ ಕೇರಿ, ಕುಣಬಿಗಳ ಮಜಿರೆ. ಊರು, ವಯಸ್ಸು, ಸಮುದಾಯ ಬರೆದರೆ ಸಾಕು, ಮಗು ಯಾರದೆಂದು ಸಂತೆಗೆಲ್ಲಾ ಗೊತ್ತು. ಹಳೇ ಸಹೋದ್ಯೋಗಿಯೊಬ್ಬರು ಕಡತದ ಮೇಲೆ ನಂಬರ್ ಬಿಟ್ಟು ಬೇರೇನೂ ಬರೀತಿರಲಿಲ್ಲ. ಚಾ ತರುವ ಹುಡುಗನ ಮಾವ ಅದೇ ಊರಿನವನಿದ್ದ.